ಮನೆಯ ಮದುವೆ, ಮನೆಯವರ ಕ್ಯಾಮೆರಾ



ಛತ್ರ ಗೊತ್ತಾಗಿ, ಅಡುಗೆಯವರಿಗೆ ಮುಂಗಡ ಕೊಟ್ಟು, ಲಗ್ನಪತ್ರಿಕೆಯ ಕರಡು ತಿದ್ದುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಈ ಮಾತು ಬರುತ್ತದೆ. "ನಿನ್ನ ಹತ್ರ ಹೇಗೂ ಒಳ್ಳೆ ಕ್ಯಾಮೆರಾ ಇದೆಯಲ್ಲೋ, ಪುಟ್ಟಿ ಮದುವೆ ಫೋಟೋ ನೀನೇ ತೆಗೆದುಬಿಡು. ಹೊರಗಿನವರಿಗೆ ಯಾಕೆ ಅಷ್ಟೊಂದು ದುಡ್ಡು ಕೊಡೋದು?" ಕೇಳುವವರು ಚಿಕ್ಕಮ್ಮನೋ ದೊಡ್ಡಕ್ಕನೋ ಆಗಿರುತ್ತಾರೆ. ಅವರ ಮಾತಿನಲ್ಲಿ ಪ್ರೀತಿಯೂ ಇರುತ್ತದೆ, ಖರ್ಚಿನ ಚಿಂತೆಯೂ ಇರುತ್ತದೆ. ಕೇಳಿಸಿಕೊಂಡವರಿಗೆ ಒಳಗೊಳಗೇ ಹೆಮ್ಮೆ. "ಆಗಲಿ ಚಿಕ್ಕಮ್ಮ, ಅದಕ್ಕೇನಂತೆ" ಎಂದುಬಿಡುತ್ತಾರೆ. ಹಾಗೆ ಹೇಳುವ ಮುಂಚೆ ಏನೇನು ಯೋಚಿಸಬೇಕು, ಹೇಳಿಬಿಟ್ಟ ಮೇಲೆ ಏನೇನು ಮಾಡಬೇಕು ಎಂಬುದನ್ನು ಈ ಹೊತ್ತು ನಿಮ್ಮೊಡನೆ ಮಾತಾಡುತ್ತೇನೆ. ಕ್ಯಾಮೆರಾವನ್ನು ಹವ್ಯಾಸವಾಗಿ ಹಿಡಿದವರನ್ನು, ದುಡ್ಡಿಗಾಗಿ ಅಲ್ಲದೆ ಖುಷಿಗಾಗಿ ಚಿತ್ರ ತೆಗೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಆಡುವ ಮಾತುಗಳಿವು.

ಮೊಟ್ಟಮೊದಲು ನೋಡಿಕೊಳ್ಳಬೇಕಾದದ್ದು ನೆಂಟಸ್ತಿಕೆಯನ್ನು. ನಮ್ಮ ಮದುವೆಗಳಲ್ಲಿ ಹತ್ತಿರದ ನೆಂಟರು ಬರಿಯ ನೋಡುಗರಾಗಿ ಉಳಿಯುವುದಿಲ್ಲ. ಹೆಣ್ಣನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ಧಾರೆ ಎರೆಯುವವರು ಅಪ್ಪ ಅಮ್ಮ. ಲಾಜಾಹೋಮದಲ್ಲಿ ಅವಳ ಬೊಗಸೆಗೆ ಅರಳು ಹಾಕುವವನು ಅಣ್ಣ ಅಥವಾ ತಮ್ಮ. ಕಳಶ ಹಿಡಿದು ನಿಲ್ಲುವವಳು, ತಾಳಿಯ ಗಂಟು ಬಿಗಿಯಲು ಹಿಂದಿನಿಂದ ಕೈ ಚಾಚುವವಳು ಅಕ್ಕನೋ ತಂಗಿಯೋ ನಾದಿನಿಯೋ. ಇವರಲ್ಲಿ ಯಾರ ಕೈಗಾದರೂ ಮುಖ್ಯ ಕ್ಯಾಮೆರಾ ಕೊಟ್ಟರೆ ಒಂದೋ ಶಾಸ್ತ್ರ ಕೆಡುತ್ತದೆ, ಇಲ್ಲವೇ ಚಿತ್ರ ಕೆಡುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಆ ಮದುವೆಯ ಒಂದು ಚಿತ್ರದಲ್ಲೂ ನೀವೇ ಇರುವುದಿಲ್ಲ. ತಂಗಿಯ ಬೊಗಸೆಗೆ ಅರಳು ಹಾಕುವ ಅಣ್ಣನ ಮುಖ ಆಲ್ಬಮ್ಮಿನಲ್ಲಿ ಇರಲೇಬೇಕು. ಆದ್ದರಿಂದ ನನ್ನ ಮಾತು ಖಂಡಿತವಾದದ್ದು. ಮದುವೆಯಲ್ಲಿ ನಿಮಗೆ ಒಂದು ಶಾಸ್ತ್ರ ಇದೆಯೆಂದರೆ ಮುಖ್ಯ ಕ್ಯಾಮೆರಾ ನಿಮ್ಮದಲ್ಲ. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು, ದಾಯಾದಿಗಳು, ಅತ್ತಿಗೆಯ ತಮ್ಮ, ಮನೆಯ ಗೆಳೆಯರು, ಇಂಥವರು ಒಪ್ಪಿಕೊಳ್ಳಬಹುದು.

ಒಪ್ಪಿಕೊಳ್ಳುವುದರಲ್ಲೂ ಎರಡು ಬಗೆ. ಹಣ ಕೊಟ್ಟು ಕರೆಸಿದ ಫೋಟೋಗ್ರಾಫರ್ ಇರುವ ಮದುವೆಯಲ್ಲಿ ಎರಡನೆಯ ಕ್ಯಾಮೆರಾ ಆಗಿ ನಿಲ್ಲುವುದು ಒಂದು. ಬೇರೆ ಯಾರೂ ಇಲ್ಲದ ಮದುವೆಯ ಪೂರ್ತಿ ಹೊಣೆ ಹೊರುವುದು ಇನ್ನೊಂದು. ಮನೆಯವರಿಗೆ ಶಕ್ತಿ ಇದ್ದರೆ ಮೊದಲನೆಯದನ್ನೇ ಒತ್ತಾಯ ಮಾಡಿ ಹೇಳಿ. "ಚಿಕ್ಕಮ್ಮ, ನಾನು ಇದ್ದೇ ಇರ್ತೀನಿ, ಜೊತೆಗೆ ಕಸುಬಿನವರು ಒಬ್ಬರು ಇರಲಿ" ಅಂದರೆ ಅವರಿಗೆ ಬೇಸರವಾಗುವುದಿಲ್ಲ. ಕಸುಬಿನವರು ಕೇಳುವ ಹಣಕ್ಕೆ ಕಾರಣವಿದೆ. ಅವರ ಬಳಿ ಎರಡು ಕ್ಯಾಮೆರಾ ಇರುತ್ತವೆ, ಒಂದು ಕೈಕೊಟ್ಟರೆ ಇನ್ನೊಂದು. ಫ್ಲ್ಯಾಶ್ ಹಿಡಿಯಲು ಹುಡುಗ ಇರುತ್ತಾನೆ. ಬೆಳಗಿನ ಜಾವದಿಂದ ರಾತ್ರಿಯ ಆರತಕ್ಷತೆಯವರೆಗೆ ನಿಂತೇ ಇರುವ ಅಭ್ಯಾಸ ಕಾಲಿಗಿರುತ್ತದೆ. ಮುಂದಿನ ಶಾಸ್ತ್ರ ಯಾವುದು ಎಂದು ಯಾರನ್ನೂ ಕೇಳಬೇಕಾಗಿರುವುದಿಲ್ಲ.

ಆದರೆ ಶಕ್ತಿ ಇಲ್ಲದ ಮನೆಗಳೂ ಇವೆ. ಸಾಲ ಮಾಡಿ ಮದುವೆ ಮಾಡುವವರು, ದೇವಸ್ಥಾನದಲ್ಲಿ ನಾಲ್ಕು ಜನರ ಮುಂದೆ ತಾಳಿ ಕಟ್ಟಿಸುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಅಂಥ ಕಡೆ ನೀವು ಕ್ಯಾಮೆರಾ ಹಿಡಿದು ನಿಲ್ಲುವುದಕ್ಕಿಂತ ದೊಡ್ಡ ಉಡುಗೊರೆ ಬೇರೆ ಇಲ್ಲ. ಹಾಗೆ ನಿಲ್ಲುವುದಾದರೆ ಪೂರ್ತಿ ಸಿದ್ಧರಾಗಿ ನಿಲ್ಲಬೇಕು. ಏನು ಮಾಡುತ್ತೀರಿ, ಏನು ಮಾಡುವುದಿಲ್ಲ ಎಂಬುದನ್ನು ಮೊದಲೇ ಬಾಯಿಬಿಟ್ಟು ಹೇಳಿ. ವಿಡಿಯೋ ನನ್ನಿಂದ ಆಗುವುದಿಲ್ಲ, ಆಲ್ಬಮ್ ವಿನ್ಯಾಸ ಮಾಡಿಸುವುದು ನಿಮಗೆ ಬಿಟ್ಟದ್ದು, ಆರತಕ್ಷತೆಗೆ ಒಂಬತ್ತು ಗಂಟೆಯವರೆಗೆ ಇರುತ್ತೇನೆ, ಹೀಗೆ. ನೆಂಟರ ನಡುವೆ ಇದೆಲ್ಲ ಹೇಗೆ ಹೇಳುವುದು ಎಂಬ ಸಂಕೋಚ ಬೇಡ. ಮೊದಲು ಹೇಳದೆ ಬಿಟ್ಟದ್ದೇ ಮುಂದೆ ಹಬ್ಬ ಹರಿದಿನಗಳಲ್ಲಿ ಮುಖ ತಿರುಗಿಸಿಕೊಳ್ಳುವವರೆಗೆ ಬೆಳೆಯುತ್ತದೆ.

ಇನ್ನು ಸಿದ್ಧತೆ. ಮದುವೆಯ ಅನುಕ್ರಮ ನಿಮಗೆ ಬಾಯಿಪಾಠವಾಗಿರಬೇಕು. ಹಳೆಯ ಮೈಸೂರಿನ ಕಡೆಯ ಬ್ರಾಹ್ಮಣರ ಮದುವೆಯೆಂದರೆ ಹಿಂದಿನ ಸಂಜೆ ವರಪೂಜೆ, ಬೆಳಿಗ್ಗೆ ಹೆಣ್ಣಿನ ಗೌರೀಪೂಜೆ, ವರನ ಕಾಶಿಯಾತ್ರೆ, ಅಂತರಪಟ, ಜೀರಿಗೆ ಬೆಲ್ಲ, ಧಾರೆ, ಮಾಂಗಲ್ಯಧಾರಣೆ, ಲಾಜಾಹೋಮ, ಸಪ್ತಪದಿ, ಅರುಂಧತೀ ದರ್ಶನ, ಮಧ್ಯಾಹ್ನ ಉರುಟಣೆ, ಆಮೇಲೆ ಸೇರಕ್ಕಿ ಒದ್ದು ಮನೆ ತುಂಬುವುದು. ಉತ್ತರ ಕರ್ನಾಟಕಕ್ಕೆ ಹೋದರೆ ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಕೂರಿಸಿ ನೀರೆರೆಯುವ ಸುರಗಿ ಇದೆ. ನೀರು, ಅರಿಶಿನ, ನಗು ಎಲ್ಲ ಒಟ್ಟಿಗೆ ಎರಚಾಡುವ ಹೊತ್ತು ಅದು. ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಹೊದಿಕೆ ಬೇಕು. ಕೊಡವರ ಮದುವೆಯಲ್ಲಿ ಪುರೋಹಿತರೂ ಇಲ್ಲ, ಹೋಮವೂ ಇಲ್ಲ. ಅಲ್ಲಿ ಹಿರಿಯರು ಅಕ್ಕಿ ಹಾಕಿ ಹರಸುವುದೇ ಮುಖ್ಯ. ಗಂಗಾಪೂಜೆಯ ದಿನ ನೀರಿನ ಕೊಡ ಹೊತ್ತು ಬರುವ ಮದುಮಗಳ ಮುಂದೆ ನೆಂಟರು ಕುಣಿಯುತ್ತಾ ದಾರಿ ತಡೆಯುತ್ತಾರೆ, ಅದು ಗಂಟೆಗಟ್ಟಲೆ ನಡೆಯಬಹುದು. ಅಲ್ಲಿಗೆ ಬ್ಯಾಟರಿ ಉಳಿಸಿಕೊಂಡಿರಬೇಕು. ಕುವೆಂಪು ಅವರು ರೂಪಿಸಿದ ಮಂತ್ರಮಾಂಗಲ್ಯವಾದರೆ ವಧೂವರರು ಪ್ರತಿಜ್ಞೆ ಓದಿ ಒಪ್ಪಿಕೊಳ್ಳುವುದೇ ಮದುವೆ. ಬಲುಬೇಗ ಮುಗಿಯುತ್ತದೆ, ತಡವಾಗಿ ಹೋದವರಿಗೆ ಏನೂ ಸಿಗುವುದಿಲ್ಲ. ನಿಕಾಹ್ ಇದ್ದರೆ ಹೆಂಗಸರ ಕಡೆ ಕ್ಯಾಮೆರಾ ತರಬಹುದೇ ಎಂದು ಮನೆಯ ಹಿರಿಯರನ್ನು ಮೊದಲೇ ಕೇಳಿ. ಚರ್ಚಿನಲ್ಲಿ ಫ್ಲ್ಯಾಶ್ ಬಳಸಬಹುದೇ ಎಂದು ಪಾದ್ರಿಗಳನ್ನು ಕೇಳಿ.

ಮದುವೆಗೆ ವಾರ ಮುಂಚೆ ಛತ್ರಕ್ಕೆ ಒಮ್ಮೆ ಹೋಗಿಬನ್ನಿ. ಮುಹೂರ್ತ ಎಷ್ಟು ಹೊತ್ತಿಗೋ ಅಷ್ಟೇ ಹೊತ್ತಿಗೆ ಹೋಗಿ. ಕಿಟಕಿಯ ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಮಂಟಪದ ಹಿಂದೆ ಬಾಗಿಲಿದೆಯೇ, ಚಾವಣಿ ಎಷ್ಟು ಎತ್ತರ, ಯಾವ ಬಣ್ಣ, ಇದನ್ನೆಲ್ಲ ನೋಡಿಕೊಳ್ಳಿ. ಫ್ಲ್ಯಾಶನ್ನು ನೇರವಾಗಿ ಮುಖಕ್ಕೆ ಹೊಡೆದರೆ ಮೂಗಿನ ಮೇಲೆ, ಹಣೆಯ ಮೇಲೆ ಹೊಳಪು ಬರುತ್ತದೆ, ಜರಿ ಬೆಳ್ಳಗೆ ಸುಟ್ಟುಹೋಗುತ್ತದೆ. ಚಾವಣಿ ಬಿಳಿಯಾಗಿ ತಗ್ಗಾಗಿದ್ದರೆ ಫ್ಲ್ಯಾಶಿನ ತಲೆಯನ್ನು ಮೇಲಕ್ಕೆ ತಿರುಗಿಸಿ, ಬೆಳಕು ಮೃದುವಾಗಿ ಕೆಳಗಿಳಿಯುತ್ತದೆ. ಹಸಿರು ಬಣ್ಣದ ಚಾವಣಿಯಾದರೆ ಎಲ್ಲರ ಮುಖವೂ ಹಸಿರಾಗುತ್ತದೆ. ಕೆಂಪು ಶಾಮಿಯಾನದ ಕೆಳಗೆ ಹಗಲಿನ ಬೆಳಕೇ ಕೆಂಪಗೆ ಸೋಸಿ ಬರುತ್ತದೆ. ಅಲ್ಲಿ ಮದುಮಕ್ಕಳನ್ನು ಶಾಮಿಯಾನದ ಅಂಚಿಗೆ ಕರೆದು ನಿಲ್ಲಿಸಿಕೊಂಡು ತೆಗೆದ ಚಿತ್ರವೇ ಚೆನ್ನ.

ಒಳಾಂಗಣದ ಬೆಳಕಿನ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಅಗ್ಗದ ಎಲ್‌ಇಡಿ ದೀಪಗಳು ಅದಕ್ಕೆ ತಕ್ಕಂತೆ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ತಿಳಿಯುವುದಿಲ್ಲ, ಕ್ಯಾಮೆರಾಕ್ಕೆ ತಿಳಿಯುತ್ತದೆ. ಶಬ್ದವಾಗಬಾರದೆಂದು ಎಲೆಕ್ಟ್ರಾನಿಕ್ ಶಟರ್ ಹಾಕಿಕೊಂಡರೆ ಚಿತ್ರದ ತುಂಬ ಅಡ್ಡಪಟ್ಟಿಗಳು ಮೂಡುತ್ತವೆ. ಅಂಥ ದೀಪಗಳಿದ್ದ ಕಡೆ ಮೆಕ್ಯಾನಿಕಲ್ ಶಟರ್ ಬಳಸಿ, ವೇಗ 1/100 ಸೆಕೆಂಡಿನ ಆಸುಪಾಸಿನಲ್ಲಿರಲಿ. ಪಟ್ಟಿ ಬರದ ಕಡೆ 1/125ಕ್ಕಿಂತ ನಿಧಾನ ಮಾಡಬೇಡಿ, ಮಾತಾಡುವ ನಗುವ ಜನರ ಮುಖ ಅಲುಗಿಹೋಗುತ್ತದೆ. ಬೆಳಕು ಸಾಲದಿದ್ದರೆ ಐಎಸ್‌ಒ 1600ಕ್ಕೋ 3200ಕ್ಕೋ ಏರಿಸಿ. ಚಿತ್ರದಲ್ಲಿ ಸ್ವಲ್ಪ ಮರಳು ಮರಳಾಗಿ ಕಾಣುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಲುಗಿದ ಮುಖವನ್ನು ಮಾತ್ರ ಯಾರೂ ಇಷ್ಟಪಡುವುದಿಲ್ಲ. ದುಬಾರಿ ಲೆನ್ಸೇ ಬೇಕೆಂದಿಲ್ಲ. 50 ಮಿಲಿಮೀಟರಿನ ಎಫ್ 1.8 ಲೆನ್ಸ್ ಹವ್ಯಾಸಿಗಳ ಕೈಗೆಟುಕುವ ಬೆಲೆಗೆ ಸಿಗುತ್ತದೆ, ಛತ್ರದ ಮಂದ ಬೆಳಕಿಗೆ ಅದು ಸಾಕು. ಆದರೆ ಎಫ್ 1.8ರಲ್ಲೇ ಇಟ್ಟು ಇಬ್ಬರನ್ನು ಒಟ್ಟಿಗೆ ತೆಗೆದರೆ ಒಬ್ಬರ ಕಣ್ಣು ಸ್ಪಷ್ಟವಾಗಿ ಇನ್ನೊಬ್ಬರದು ಮಸುಕಾಗುತ್ತದೆ. ಇಬ್ಬರಿಗೆ ಎಫ್ 2.8 ಅಥವಾ 4, ಎರಡು ಸಾಲಿನ ಗುಂಪಿಗೆ 5.6 ಅಥವಾ 8 ಇರಲಿ.

ಬಣ್ಣ ಸರಿಮಾಡಿಕೊಳ್ಳಲು ಬೇರೆ ಉಪಕರಣ ಬೇಡ, ವರನ ಬಿಳಿ ಪಂಚೆಯೇ ಇದೆ. ಪಂಚೆ ಬಿಳಿಯಾಗಿ ಕಂಡರೆ ಉಳಿದ ಬಣ್ಣಗಳೂ ಸರಿಹೋಗುತ್ತವೆ. ರಾ ಫೈಲಿನಲ್ಲಿ ತೆಗೆದರೆ ಆಮೇಲೆ ತಿದ್ದುವುದು ಸುಲಭ. ಮಂಟಪದ ಹಿಂದೆ ಸೀರಿಯಲ್ ಸೆಟ್ ದೀಪಗಳು ಉರಿಯುತ್ತಿದ್ದರೆ ಕ್ಯಾಮೆರಾ ಅವುಗಳ ಪ್ರಕಾಶಕ್ಕೆ ಮೋಸಹೋಗಿ ಮುಖಗಳನ್ನು ಕಪ್ಪಾಗಿಸುತ್ತದೆ. ಆಗ ಬೆಳಕನ್ನು ಒಂದು ಹೆಜ್ಜೆ ಹೆಚ್ಚಿಸಿಕೊಳ್ಳಿ. ಹೋಮದ ಹೊತ್ತಿಗೆ ಫ್ಲ್ಯಾಶ್ ಆರಿಸಿ. ಬೆಂಕಿಯ ಬೆಳಕು ಮದುಮಕ್ಕಳ ಮುಖದ ಮೇಲೆ ಆಡುವುದನ್ನು ಫ್ಲ್ಯಾಶ್ ಒಂದೇ ಏಟಿಗೆ ಅಳಿಸಿಹಾಕುತ್ತದೆ.

ಫೋನಿನಲ್ಲಿ ತೆಗೆಯುತ್ತೇನೆ ಎನ್ನುವವರಿಗೂ ಮಾತಿದೆ. ಹಗಲು ಬೆಳಕಿನಲ್ಲಿ ಈಗಿನ ಫೋನುಗಳು ಬಹಳ ಚೆನ್ನಾಗಿ ಕೆಲಸ ಮಾಡುತ್ತವೆ. ತೊಂದರೆ ಬರುವುದು ಮಂದ ಬೆಳಕಿನಲ್ಲಿ ಓಡಾಡುವ ಜನರನ್ನು ಹಿಡಿಯುವಾಗ. ಬೆರಳಲ್ಲಿ ಜೂಮ್ ಎಳೆಯುವ ಬದಲು ಎರಡು ಹೆಜ್ಜೆ ಮುಂದೆ ಹೋಗಿ. ಲೆನ್ಸಿನ ಮೇಲೆ ಬೆವರು, ತುಪ್ಪ, ಕುಂಕುಮ ಕೂತಿರುತ್ತದೆ, ಆಗಾಗ ಒರೆಸಿ. ಹಿನ್ನೆಲೆ ಮಸುಕಾಗಿಸುವ ಪೋರ್ಟ್ರೇಟ್ ಮೋಡ್ ಜಡೆಯ ಮಲ್ಲಿಗೆಯನ್ನೂ ಬಾಸಿಂಗದ ಅಂಚನ್ನೂ ತಿಂದುಹಾಕುತ್ತದೆ, ಅದನ್ನು ಬಿಡುವುದೇ ಒಳ್ಳೆಯದು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಾಂಗಲ್ಯಧಾರಣೆಯ ಹೊತ್ತಿಗೆ ಕರೆ ಬಂದರೆ ಏನೂ ಮಾಡಲಾಗುವುದಿಲ್ಲ.

ಈಗ ಮುಹೂರ್ತಕ್ಕೆ ಬರೋಣ. ಅಂತರಪಟ ಹಿಡಿದಾಗ ನೀವು ಬಟ್ಟೆಯ ಅಂಚಿನ ನೇರಕ್ಕೆ, ಪಕ್ಕದಲ್ಲಿ ನಿಂತಿರಬೇಕು. ಆಗ ಆ ಕಡೆಯ ಮುಖ, ಈ ಕಡೆಯ ಮುಖ ಎರಡೂ ಕಾಣುತ್ತವೆ. ಕೈಯಲ್ಲಿ ಜೀರಿಗೆ ಬೆಲ್ಲ ಹಿಡಿದು, ಬಟ್ಟೆ ಯಾವಾಗ ಇಳಿಯುತ್ತದೋ ಎಂದು ಕಾಯುವ ಆ ಕೆಲವು ನಿಮಿಷಗಳಲ್ಲಿ ಅವರಿಬ್ಬರ ಮುಖದಲ್ಲಿ ಇರುವುದು ಇಡೀ ದಿನದಲ್ಲಿ ಇನ್ನೆಲ್ಲೂ ಸಿಗುವುದಿಲ್ಲ. ಬಟ್ಟೆ ಇಳಿದ ಕೂಡಲೇ ಜೀರಿಗೆ ಬೆಲ್ಲ ತಲೆಗೆ ಬೀಳುತ್ತದೆ, ಆ ಹೊತ್ತಿಗೆ ಒಂದರ ಹಿಂದೆ ಒಂದು ಚಿತ್ರ ತೆಗೆಯುವ ಬರ್ಸ್ಟ್ ಮೋಡ್ ಸಿದ್ಧವಿರಲಿ. ಅಲ್ಲಿಂದ ಮುಂದೆ ನಿಮ್ಮ ಸುತ್ತ ಜನ ಒತ್ತುತ್ತಾರೆ, ಎಲ್ಲರ ಕೈಯಲ್ಲೂ ಫೋನು. ಅದಕ್ಕೇ ಬೆಳಿಗ್ಗೆಯೇ ಪುರೋಹಿತರ ಹತ್ತಿರ ಹೋಗಿ ವಿನಯದಿಂದ ಕೇಳಿಕೊಂಡಿರಬೇಕು: "ಶಾಸ್ತ್ರಿಗಳೇ, ತಾಳಿ ಕಟ್ಟೋ ಹೊತ್ತಿಗೆ ಈ ಪಕ್ಕ ನನಗೆ ಒಂದು ಮಣೆಯಷ್ಟು ಜಾಗ ಬಿಡಿಸಿಕೊಡಿ." ಕೇಳಿದರೆ ಬಹಳ ಜನ ಒಪ್ಪುತ್ತಾರೆ, ಗಟ್ಟಿಮೇಳಕ್ಕೆ ಮುಂಚೆ ನಿಮ್ಮ ಕಡೆ ನೋಡಿ ಸನ್ನೆಯನ್ನೂ ಮಾಡುತ್ತಾರೆ. ಮಂಟಪ ಹತ್ತಬಹುದೇ ಎಂಬುದನ್ನೂ ಆಗಲೇ ಕೇಳಿಬಿಡಿ. ಚಪ್ಪಲಿ ಬಿಟ್ಟು ಹತ್ತಿ. ಸೀರೆ ಉಟ್ಟು ಕ್ಯಾಮೆರಾ ಹಿಡಿಯುವ ಹೆಣ್ಣುಮಕ್ಕಳು ಹೋಮಕುಂಡದ ಹತ್ತಿರ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡಿರಬೇಕು, ಕಣ್ಣು ವ್ಯೂಫೈಂಡರಿನಲ್ಲಿದ್ದಾಗ ಬೆಂಕಿ ಎಷ್ಟು ದೂರವಿದೆ ಎಂಬುದು ತಿಳಿಯುವುದಿಲ್ಲ.

ಮಾಂಗಲ್ಯಧಾರಣೆಗೆ ನಿಂತು ಮೇಲಿನಿಂದ ತೆಗೆದರೆ ಹೆಣ್ಣಿನ ಬೈತಲೆ ಮಾತ್ರ ಕಾಣುತ್ತದೆ. ಮೊಣಕಾಲೂರಿ ಅವಳ ಮುಖದ ಮಟ್ಟಕ್ಕೆ ಇಳಿಯಿರಿ. ತಾಳಿ ಕಟ್ಟುವ ಕೈ ಒಂದೆರಡು ಸಾಕು. ಆಮೇಲೆ ಕ್ಯಾಮೆರಾವನ್ನು ಅವಳ ಅಮ್ಮನ ಕಡೆ ತಿರುಗಿಸಿ. ಮುಖ್ಯ ಫೋಟೋಗ್ರಾಫರ್ ಬೇರೆ ಇದ್ದರಂತೂ ಆ ನಿಮಿಷದಲ್ಲಿ ಅವರು ತೆಗೆಯುವ ಚಿತ್ರವನ್ನೇ ಅವರ ಹೆಗಲ ಮೇಲಿಂದ ನೀವೂ ತೆಗೆಯುವುದರಿಂದ ಯಾರಿಗೂ ಲಾಭವಿಲ್ಲ. ಅಕ್ಷತೆ ಬೀಳುವಾಗ ಸಾಧ್ಯವಿದ್ದರೆ ಮದುಮಕ್ಕಳ ಹಿಂದಕ್ಕೆ ಹೋಗಿ ಜನರ ಮುಖ ಕಾಣುವಂತೆ ತೆಗೆಯಿರಿ. ಶಟರ್ ವೇಗ 1/250ರ ಮೇಲಿದ್ದರೆ ಅಕ್ಕಿಕಾಳು ಗಾಳಿಯಲ್ಲಿ ನಿಂತಂತೆ ಕಾಣುತ್ತದೆ. ಎದ್ದುನಿಂತ ಇಡೀ ಛತ್ರ, ಎತ್ತಿದ ಕೈಗಳು, ಅಪ್ಪನ ಹೆಗಲ ಮೇಲಿನ ಮಗು ಎಲ್ಲ ಆ ಒಂದು ಚಿತ್ರದಲ್ಲಿ ಬರುತ್ತವೆ.

ಕಸುಬಿನವರ ಜೊತೆ ಹೇಗಿರಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ವರಪೂಜೆಯ ಸಂಜೆಯೇ ಹೋಗಿ ಪರಿಚಯ ಮಾಡಿಕೊಳ್ಳಿ. ನಾನು ಹುಡುಗಿಯ ಕಡೆಯವನು, ನನ್ನ ಪಾಡಿಗೆ ಜನರ ಚಿತ್ರ ತೆಗೆಯುತ್ತಿರುತ್ತೇನೆ, ನಿಮಗೆ ಅಡ್ಡ ಬರುವುದಿಲ್ಲ ಎಂದು ಹೇಳಿ. ಅವರು ಚಿತ್ರ ತೆಗೆಯುವ ಕ್ಷಣಕ್ಕೇ ನಿಮ್ಮ ಫ್ಲ್ಯಾಶ್ ಹೊಡೆದರೆ ಅವರ ಚಿತ್ರ ಬೆಳ್ಳಗಾಗಿ ಹೋಗುತ್ತದೆ. ದೂರದಿಂದ ಫ್ಲ್ಯಾಶ್ ಹೊತ್ತಿಸುವ ಟ್ರಿಗರ್ ಇಬ್ಬರ ಬಳಿಯೂ ಇದ್ದರೆ ಚಾನೆಲ್ ಬೇರೆ ಬೇರೆ ಇಟ್ಟುಕೊಳ್ಳಿ. ಎರಡು ಕ್ಯಾಮೆರಾಗಳ ಗಡಿಯಾರವನ್ನು ಒಂದೇ ಸಮಯಕ್ಕೆ ಹೊಂದಿಸಿದರೆ ಆಮೇಲೆ ಎಲ್ಲ ಚಿತ್ರಗಳೂ ತಾವಾಗಿಯೇ ಅನುಕ್ರಮದಲ್ಲಿ ಕೂರುತ್ತವೆ. ಆ ದಿನದ ದುಡಿಮೆ ಅವರ ಅನ್ನ, ಮನೆಯವರೆಂಬ ಸಲುಗೆಯಿಂದ ಅವರ ಮುಂದೆ ಹೋಗಿ ನಿಲ್ಲುವುದು ತಪ್ಪು.

ಹಾಗಾದರೆ ಮನೆಯವರ ಕ್ಯಾಮೆರಾ ಮಾಡಬೇಕಾದ ಕೆಲಸ ಯಾವುದು? ನನ್ನ ಮಾತಿನ ತಿರುಳು ಇಲ್ಲಿದೆ. ಹೊರಗಿನವರಿಗೆ ಶಾಸ್ತ್ರ ಗೊತ್ತಿರುತ್ತದೆ, ಜನ ಗೊತ್ತಿರುವುದಿಲ್ಲ. ಮೂಲೆಯ ಕುರ್ಚಿಯಲ್ಲಿ ಕೋಲು ಹಿಡಿದು ಕೂತಿರುವ ಮುದುಕರು ಹುಡುಗಿಗೆ ಅಕ್ಷರ ಕಲಿಸಿದ ಮೇಷ್ಟರು ಎಂದು ಅವರಿಗೆ ತಿಳಿಯದು. ಎಷ್ಟೋ ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಇವತ್ತು ಒಂದೇ ಸಾಲಿನಲ್ಲಿ ಊಟಕ್ಕೆ ಕೂತಿದ್ದಾರೆ ಎಂದು ತಿಳಿಯದು. ನಿಮಗೆ ತಿಳಿದಿದೆ. ಆ ಚಿತ್ರ ನೀವಲ್ಲದೆ ಇನ್ನು ಯಾರೂ ತೆಗೆಯುವುದಿಲ್ಲ. ನಮ್ಮಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಪಟ ಬೇಕೆಂದು ಹುಡುಕಾಡುತ್ತಾರೆ. ಕೊನೆಗೆ ಯಾವುದೋ ಮದುವೆಯ ಗುಂಪು ಚಿತ್ರದಿಂದ ಅವರ ಮುಖವನ್ನಷ್ಟೇ ಕತ್ತರಿಸಿ, ಹಿಗ್ಗಿಸಿ, ಮಸುಕಾಗಿದ್ದರೂ ಚೌಕಟ್ಟು ಹಾಕಿಸುತ್ತಾರೆ. ಮದುವೆಗೆ ಬಂದ ಪ್ರತಿಯೊಬ್ಬ ಅಜ್ಜ ಅಜ್ಜಿಯ ಒಂದೊಂದು ಒಳ್ಳೆಯ ಚಿತ್ರವನ್ನು, ಕಿಟಕಿಯ ಬೆಳಕಿನಲ್ಲಿ, ಅವರು ನೆಮ್ಮದಿಯಿಂದ ಮಾತಾಡುತ್ತಿರುವಾಗ ತೆಗೆಯುವುದನ್ನು ನಿಮ್ಮ ಮೊದಲ ಕರ್ತವ್ಯ ಎಂದುಕೊಳ್ಳಿ. ಪಕ್ಕದಲ್ಲಿ ಕೂತು, "ಅಜ್ಜಿ, ನಿಮ್ಮ ಮದುವೆ ಎಷ್ಟು ದಿನ ನಡೀತು?" ಎಂದು ಕೇಳಿ ನೋಡಿ. ಅವರ ಮುಖ ತಾನಾಗಿ ಅರಳುತ್ತದೆ.

ಇನ್ನೊಂದು ಮಾತನ್ನು ಬಹಳ ಮನಸ್ಸಿಟ್ಟು ಹೇಳುತ್ತಿದ್ದೇನೆ. ಗಂಡನನ್ನು ಕಳೆದುಕೊಂಡ ಹೆಂಗಸರು ನಮ್ಮ ಮದುವೆಗಳಲ್ಲಿ ಇನ್ನೂ ಹಿಂದೆ ಸರಿದೇ ನಿಲ್ಲುತ್ತಾರೆ. ಹೆಣ್ಣನ್ನು ಎತ್ತಿ ಆಡಿಸಿ ಬೆಳೆಸಿದ ದೊಡ್ಡಮ್ಮನೇ ಆಗಿರಬಹುದು, ಕಂಬದ ಮರೆಯಲ್ಲಿ ನಿಂತು ನೋಡುತ್ತಿರುತ್ತಾರೆ. ಗುಂಪು ಚಿತ್ರಕ್ಕೆ ಕರೆದರೆ "ನಾನ್ಯಾಕಪ್ಪ, ನೀವು ನಿಂತ್ಕೊಳ್ಳಿ" ಎನ್ನುತ್ತಾರೆ. ಕ್ಯಾಮೆರಾ ನಿಮ್ಮ ಕೈಯಲ್ಲಿರುವಾಗ ಕರೆಯುವ ಹಕ್ಕೂ ನಿಮಗಿದೆ. "ದೊಡ್ಡಮ್ಮ, ನೀವು ಬಾರದೆ ನಾನು ಫೋಟೋ ತೆಗೆಯೋದಿಲ್ಲ" ಎಂದು ಕೈ ಹಿಡಿದು ಕರೆತನ್ನಿ, ಮದುಮಗಳ ಪಕ್ಕದಲ್ಲೇ ನಿಲ್ಲಿಸಿ. ಹೊರಗಿನ ಫೋಟೋಗ್ರಾಫರ್ ಇದನ್ನು ಮಾಡಲಾರರು, ಅವರಿಗೆ ಆ ಸಲುಗೆ ಇಲ್ಲ. ನಿಮಗೆ ಇದೆ. ಛತ್ರದ ಹಿತ್ತಲಿನಲ್ಲಿ ಕೊಪ್ಪರಿಗೆಯ ಮುಂದೆ ಬೆವರುವ ಅಡುಗೆಯವರು, ಓಲಗದವರು, ಎಲೆ ಎತ್ತುವವರು, ಇವರ ಚಿತ್ರಗಳೂ ಇರಲಿ. ಆದರೆ ಊಟಕ್ಕೆ ಕೂತವರ ಬಾಯಿಗೆ ತುತ್ತು ಹೋಗುವಾಗ ತೆಗೆಯಬೇಡಿ, ಅದು ಯಾರಿಗೂ ಹಿಡಿಸುವುದಿಲ್ಲ.

ಜನರನ್ನು ನೋಡುವುದನ್ನು ಕಲಿಯಬೇಕೆನ್ನುವವರು ಮೈಸೂರಿನ ಟಿ. ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಬೇಕು. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ, 1977ರಲ್ಲಿ ಪದ್ಮಶ್ರೀ ಪಡೆದ ಈ ಪತ್ರಿಕಾ ಛಾಯಾಗ್ರಾಹಕರು ದೊಡ್ಡ ದೊಡ್ಡವರ ಚಿತ್ರ ತೆಗೆದವರೇ. ಆದರೂ ನಮ್ಮ ಮನಸ್ಸಿನಲ್ಲಿ ಉಳಿದಿರುವುದು ಅವರು ತೆಗೆದ ಸಾಮಾನ್ಯರ, ಮಕ್ಕಳ, ದುಡಿಯುವವರ ಕಪ್ಪು ಬಿಳುಪಿನ ಚಿತ್ರಗಳು. ಆ ಚಿತ್ರಗಳಲ್ಲಿ ಯಾರೂ ಕ್ಯಾಮೆರಾಕ್ಕೆ ಹೆದರಿದಂತೆ ಕಾಣುವುದಿಲ್ಲ. 'ಕಾಲಕ್ಕೆ ಕನ್ನಡಿ' ಎಂಬ ಅವರ ಆತ್ಮಕಥೆ ಕನ್ನಡದಲ್ಲೇ ಇದೆ. ಬೆಂಗಳೂರಿನವರಿಗೆ 1971ರಿಂದ ನಡೆದುಬಂದಿರುವ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಹವ್ಯಾಸಿಗಳ ಸಂಘವೂ ಇದೆ. ಹತ್ತಾರು ಜನರ ಮುಂದೆ ನಿಮ್ಮ ಚಿತ್ರ ಇಟ್ಟು ತಪ್ಪು ಒಪ್ಪು ಕೇಳಿಸಿಕೊಂಡರೆ ಕೈ ಬೇಗ ಪಳಗುತ್ತದೆ. ಅದೂ ದೂರವೆನಿಸಿದರೆ ಮನೆಯಲ್ಲೇ ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಮಾತಾಡುತ್ತಿರುವ ನಾಲ್ಕು ಜನರನ್ನು ತೆಗೆದು ಅಭ್ಯಾಸ ಮಾಡಿ. ಮದುವೆಯ ದಿನ ಗುಂಡಿ ಹುಡುಕುವ ಹಾಗಿರಬಾರದು.

ಆರತಕ್ಷತೆಯ ಗುಂಪು ಚಿತ್ರಗಳಿಗೆ ಎರಡೂ ಕಡೆಯಿಂದ ಒಬ್ಬೊಬ್ಬ ಚುರುಕಾದ ಹುಡುಗ ಹುಡುಗಿಯನ್ನು ಜೊತೆ ಮಾಡಿಕೊಳ್ಳಿ. ಯಾರು ಯಾರ ಜೊತೆ ನಿಲ್ಲಬೇಕು ಎಂಬ ಪಟ್ಟಿ ಅವರ ಕೈಯಲ್ಲಿರಲಿ, ಕರೆಯುವ ಕೆಲಸ ಅವರದು. ಒಂದು ಗುಂಪಿಗೆ ಮೂರು ನಾಲ್ಕು ಚಿತ್ರ ತೆಗೆಯಿರಿ, ಯಾರಾದರೊಬ್ಬರು ಕಣ್ಣು ಮುಚ್ಚಿಯೇ ಇರುತ್ತಾರೆ. ತೀರ ಅಗಲದ ಲೆನ್ಸಿನಲ್ಲಿ ಹತ್ತಿರದಿಂದ ತೆಗೆದರೆ ಅಂಚಿನಲ್ಲಿ ನಿಂತವರು ದಪ್ಪಗೆ ಎಳೆದಂತೆ ಕಾಣುತ್ತಾರೆ, ಹಿಂದೆ ಸರಿದು ನಿಂತು ತೆಗೆಯಿರಿ. ನಿಮ್ಮ ತಿಂಡಿಯನ್ನು ಬೆಳಿಗ್ಗೆ ಮೊದಲ ಪಂಕ್ತಿಯಲ್ಲೇ ಮುಗಿಸಿಕೊಂಡಿರಿ. ಮಧ್ಯಾಹ್ನದ ಊಟ ಯಾವಾಗ ಸಿಗುತ್ತದೋ ಹೇಳಲಾಗದು.

ಮೆಮೊರಿ ಕಾರ್ಡು ಕನಿಷ್ಠ ಎರಡಿರಲಿ. ಎಲ್ಲವನ್ನೂ ಒಂದರಲ್ಲೇ ತುಂಬಬೇಡಿ. ಛತ್ರದಲ್ಲಿ ಕೂತು ಬೇಡವಾದ ಚಿತ್ರ ಅಳಿಸುತ್ತಾ ಇರಬೇಡಿ, ಅವಸರದಲ್ಲಿ ಬೇಕಾದದ್ದೇ ಅಳಿಯುತ್ತದೆ. ಅದೇ ರಾತ್ರಿ, ಎಷ್ಟೇ ದಣಿದಿದ್ದರೂ, ಕಂಪ್ಯೂಟರಿಗೆ ಒಂದು ಪ್ರತಿ, ಹಾರ್ಡ್‌ಡಿಸ್ಕಿಗೆ ಒಂದು ಪ್ರತಿ ಇಳಿಸಿ. ಇಳಿದ ಚಿತ್ರಗಳು ತೆರೆಯುತ್ತವೆಯೇ ಎಂದು ನೋಡಿದ ಮೇಲೆಯೇ ಕಾರ್ಡು ಖಾಲಿ ಮಾಡಿ. ಒಂದು ಪ್ರತಿ ಬೇರೆ ಮನೆಯಲ್ಲಿರಲಿ.

ರೋಲು ಹಾಕುತ್ತಿದ್ದ ಕಾಲದಲ್ಲಿ ಒಂದು ಸುರುಳಿಗೆ 36 ಚಿತ್ರ, ದೊಡ್ಡ ಚೌಕ ಫಿಲ್ಮಾದರೆ 12. ತೆಗೆಯುವ ಮುಂಚೆಯೇ ಆಯ್ಕೆ ನಡೆದುಹೋಗುತ್ತಿತ್ತು. ಈಗ ಸಾವಿರಗಟ್ಟಲೆ ತೆಗೆದುಕೊಂಡು ಬರುತ್ತೇವೆ, ಆಯ್ಕೆಯ ಕೆಲಸ ಆಮೇಲೆ ಬಾಕಿ ಉಳಿಯುತ್ತದೆ. ಅದನ್ನು ಮನೆಯವರ ತಲೆಗೆ ಕಟ್ಟಬೇಡಿ. 3000 ಚಿತ್ರಗಳನ್ನು ಪೆನ್‌ಡ್ರೈವಿಗೆ ಸುರಿದು ಕೊಟ್ಟರೆ ಯಾರೂ ಪೂರ್ತಿ ನೋಡುವುದಿಲ್ಲ. ಇನ್ನೂರೋ ಮುನ್ನೂರೋ ಆರಿಸಿ, ಬಣ್ಣ ಬೆಳಕು ತಿದ್ದಿ ಕೊಡಿ. ತಿದ್ದುವಾಗ ಹೆಣ್ಣಿನ ಮೈಬಣ್ಣವನ್ನು ಬೆಳ್ಳಗೆ ಮಾಡಬೇಡಿ. ಕೇಳಿಕೊಂಡು ಬರುವವರು ಇರುತ್ತಾರೆ, ಅವರಿಗೆ ಪ್ರೀತಿಯಿಂದಲೇ ಆಗುವುದಿಲ್ಲ ಎನ್ನಿ. ಅವಳ ಬಣ್ಣ ಅವಳದು. ಅರಿಶಿನ ಹಚ್ಚಿದ ಎಣ್ಣೆಗೆಂಪು ಮುಖವನ್ನು ಸುಣ್ಣ ಬಳಿದಂತೆ ಮಾಡಿದರೆ ಹತ್ತು ವರ್ಷದ ಮೇಲೆ ಅವಳ ಮಗುವಿಗೇ ಅಮ್ಮನ ಗುರುತು ಸಿಗುವುದಿಲ್ಲ.

ಮದುಮಕ್ಕಳು ನೋಡುವ ಮುಂಚೆ ಯಾವ ಚಿತ್ರವನ್ನೂ ನಿಮ್ಮ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬೇಡಿ. ವಾಟ್ಸಾಪಿನಲ್ಲಿ ಮಾಮೂಲಿಯಂತೆ ಕಳಿಸಿದರೆ ಚಿತ್ರ ಕುಗ್ಗಿ ಗುಣ ಕಳೆದುಕೊಳ್ಳುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಮತ್ತು ದಯವಿಟ್ಟು ಅಚ್ಚು ಹಾಕಿಸಿ. ಹಿಂದಿನ ಮದುವೆಗಳ ವಿಡಿಯೋ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿದೆ, ಸಿ.ಡಿ.ಗಳನ್ನು ಹಾಕಲು ಈಗಿನ ಲ್ಯಾಪ್‌ಟಾಪುಗಳಲ್ಲಿ ಜಾಗವೇ ಇಲ್ಲ. ಅಜ್ಜನ ಕಾಲದ ಕಪ್ಪು ಬಿಳುಪಿನ ಪಟಗಳು ಮಾತ್ರ ಇವತ್ತಿಗೂ ಗೋಡೆಯ ಮೇಲಿವೆ. ನಾಲ್ಕು ಇಂಚು ಆರು ಇಂಚಿನ ಪ್ರಿಂಟಿಗೆ ಹೆಚ್ಚು ಖರ್ಚಿಲ್ಲ. 1200 ಪಿಕ್ಸೆಲ್ಲಿಗೆ 1800 ಪಿಕ್ಸೆಲ್ ಇದ್ದರೆ ಚೊಕ್ಕಟವಾಗಿ ಬರುತ್ತದೆ, ಫೋನಿನ ಚಿತ್ರಕ್ಕೂ ಅಷ್ಟು ಇರುತ್ತದೆ. ಹಿರಿಯರಿಗೆ ಅವರವರ ಚಿತ್ರ ಒಂದೊಂದು ಅಚ್ಚು ಹಾಕಿಸಿ ಕೈಗೆ ಕೊಡಿ. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ಮದುವೆಯ ತಾರೀಖು ಬರೆಯಿರಿ. ಮದುವೆ ಮುಗಿದು ಹದಿನೈದು ದಿನಗಳ ಒಳಗೆ ಇಷ್ಟೂ ಆಗಬೇಕು. ತಿಂಗಳು ದಾಟಿದರೆ ವರ್ಷವಾಗುತ್ತದೆ, ಮನೆಯವರಿಗೆ ಕೇಳಲು ಸಂಕೋಚ, ನಿಮಗೆ ಎದುರಾಗಲು ಸಂಕೋಚ. ಯಾರದಾದರೂ ಮದುವೆಯ ಚಿತ್ರಗಳು ನಿಮ್ಮ ಕಂಪ್ಯೂಟರಿನಲ್ಲಿ ಇನ್ನೂ ಹಾಗೇ ಉಳಿದಿದ್ದರೆ, ಮುಂದಿನ ಮದುವೆಗೆ ಒಪ್ಪಿಕೊಳ್ಳುವ ಮುಂಚೆ ಅವನ್ನು ಕೊಟ್ಟು ಮುಗಿಸಿ.